ದಿ.

ಬೆಟಗೇರಿ ಪ್ರೆಸ್ಸಿನ ಅಟ್ಟದ ಮ್ಯಾಲೆ
ನನ್ನ ಪರದೆಯ ನೆತ್ತಿಗೆ ನಾಕು ಟ್ಯಾಬು,
ಟಂಟಂದಾಗ ಕುಂತವರಂಗ ಭುಜಕ್ಕ ಭುಜ ಹಚ್ಚಿ.

ನೇಕಾರ ಸೊಸೈಟಿ ನೋಟೀಸು, ಬಾಕಳೆಯವರ ಲಗ್ನಪತ್ರಿಕೆ,
ಕಳದ ಎಮ್ಮಿದೊಂದು ಕರಪತ್ರ,
ಹೆಸರಿಡದ ಒಂದು ಫೈಲು, ಅದರಾಗ ನನ್ನ ಕಿರಾಣಿ ಯಾದಿ.
ಕಂಟ್ರೋಲ್ ಹಿಡದು ಟ್ಯಾಬ್ ಕುಟ್ಟಿದರ
ಮದಿವ್ಯಾಗಿಂದ ಎಮ್ಮಿಗೆ ಒಂದ ಹೆಜ್ಜಿ.

ಹನ್ನೊಂದೂವರಿಗೆ ಪರಶುರಾಮಸಾ ಬಂದ.
ಕೂಡಲಿಲ್ಲ.
‘ಆಯಿ ಹೋದಳು. ನೂರು ಕಾರ್ಡು ಬೇಕು.
ಲಗ್ನ ನಿಲ್ಲಸಬ್ಯಾಡ್ರಿ ಅಂತ ಆಕೀನ ಹೇಳ್ಯಾಳ.’

ಐದನೇ ಟ್ಯಾಬ್ ತೆರೆದೆ.
ಹೆಸರು ಹೊಸದಾಗಿ ಬಡೀಲಿಲ್ಲ;
ಎರಡನೇದಕ್ಕ ಹೋಗಿ, ಹರಸುವ ಹಿರಿಯರ ಸಾಲಿನಿಂದ
ತುಳಜಾಬಾಯಿನ್ನ ನಕಲು ಮಾಡಿ ತಂದೆ.

ಹೊಳ್ಳಿ ಹೋದರ ಅಲ್ಲೆ ಆಕಿ ಇನ್ನೂ ಇದ್ದಳು,
ಮೊಮ್ಮಗಳ ಅಕ್ಕಿಕಾಳಿಗೆ ಊರನ್ನ ಕರಕೋತ.
ಹೆಸರಿನ ಮೊದಲಿಗೆ ‘ದಿ.’ ಕೂಡಿಸಿದೆ.
ಟ್ಯಾಬಿನ ಮೂಲ್ಯಾಗ ಸಣ್ಣದೊಂದು ಚುಕ್ಕಿ ಹತ್ತಿತು,
ಉಳಿಸಿಲ್ಲ ಅಂತ.

ಉಳಿಸಬೇಕಿತ್ತು.
ಬೆರಳು ಮತ್ತ ಟ್ಯಾಬ್ ಕುಟ್ಟಿ
ಎಮ್ಮಿ ಕರಪತ್ರದ ಮ್ಯಾಲೆ ನಿಂತಿತು:
ಬಲಗೋಡು ಮುರದದ. ಹಣಿಗೆ ಬಿಳೇ ಮಚ್ಚಿ.
ಹೆಸರು ಹಿಡದು ಕರದರ
ಹೊಳ್ಳಿ ನೋಡತದ.