ಹದಿನೈದು ದಿನದ ಗಡ್ಡ

ನವನಗರದ ಮೂವತ್ತೆಂಟನೇ ಸೆಕ್ಟರಿನಾಗ
ಎಂಟು ಫೂಟಿನ ಅಂಗಡಿ.
ಹಿತ್ತಾಳಿ ರೇಜರು, ಕುದುರಿಕೂದಲ ಬ್ರಷ್ಷು,
ನಾನ ಅಡಗಿಮನ್ಯಾಗ ಕಾಸಿದ ಚಂದನದ ಸಾಬಾನು.

ಮೊದಲ ಹಿಂಗಿರಲಿಲ್ಲ.
ಐತವಾರ ಮುಂಜಾನೆ ಬಚ್ಚಲದಾಗ ಒಂದು ತಾಸು,
ಬುರುಗು ಏರೂತನಕಾ ಬಟ್ಟಲು ತಿರುವತಿದ್ದೆ.
ಹೊರಗಿಂದ ಕಸ್ತೂರಿ: "ನಿದ್ದಿ ಹತ್ತಿತೇನ್ರಿ ಒಳಗ?"

ಈಗ ಜಿಎಸ್‌ಟಿ, ಪಾರ್ಸಲ್ಲು, ಚಿಲ್ಲರಿ.
ನಿನ್ನೆ ಹಡಪದ ಸಂಗನಬಸು ಬಂದ.
ಬ್ಲೇಡಿನ ರೇಟು ಕೇಳಲಿಲ್ಲ,
ನನ್ನ ಗದ್ದ ಹಿಡದು ಬೆಳಕಿಗೆ ತಿರುವಿದ:
"ಹದಿನೈದು ದಿನದ್ದು!"

ಸ್ಟೂಲಿನ ಮ್ಯಾಲೆ ಕುಂಡ್ರಿಸಿದ,
ಮಾರೂ ಸಾಬಾನಿನ ಚೀಟಿ ಹರದ,
ಚಹಾದ ಗ್ಲಾಸಿನ ನೀರಾಗ ಬ್ರಷ್ಷು ಅದ್ದಿದ.
ಗಿರಾಕಿ ಒಬ್ಬಾಂವ ಬಂದು, ನಿಂತು, ನೋಡಿ,
ಎರಡು ಬ್ರಷ್ಷು ಒಯ್ದ.

ಹೋಗೂಮುಂದ ಸಂಗನಬಸು ಅಂದ:
"ಇಪ್ಪತ್ತು ರೂಪಾಯಿ. ಉದ್ರಿ ಬರಕೋ,
ನಿನ್ನ ಹೆಸರಿಗೆ."