ಮನೆ ಹೆಸರು

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ.
ಜನಗಣತಿಯ ಹಾಳೆ ಬಿಡಿಸಿ ಕೇಳಿದೆ, ಹೆಸರು?
"ಲಿನ್ ಶಿನ್‌ಫಾ. ಲಿನ್ ಅನ್ನೋದು ಮನೆ ಹೆಸರು,
ಮೊದಲು ಬರುತ್ತೆ."
ನಮ್ಮದೂ ಹಾಗೇ ಅಂದೆ. ಮೊದಲು ಚೊಟ್ಟೇಂಡ,
ಆಮೇಲೆ ನಾನು, ಬೊಳ್ಳಮ್ಮ.

ಕಟ್ಟಿಸುವ ಹಲ್ಲಿನ ಅಚ್ಚು, ಮೇಜಿನ ತುಂಬ ಬಿಳಿ ಹುಡಿ.
ಅದರಲ್ಲೇ ಬೆರಳಾಡಿಸಿದ:
ಒಂದು ಮರ.
ಪಕ್ಕಕ್ಕೆ ಇನ್ನೊಂದು. ಎರಡಾದರೆ ಕಾಡು.
ದೊರೆಯ ಕೋಪಕ್ಕೆ ಓಡಿದ ತುಂಬು ಬಸುರಿ
ಕಾಡಲ್ಲಿ ಹೆತ್ತಳಂತೆ, ಕೂಸಿಗೆ ಕಾಡೇ ಹೆಸರಾಯಿತಂತೆ.
ಅವನ ತಾತ ಹೇಳುತ್ತಿದ್ದನಂತೆ,
ಗಿರಾಕಿಯ ಬಾಯಿ ತೆರೆಸಿಟ್ಟು.

ನಮ್ಮದಕ್ಕೆ ಅಷ್ಟು ಕತೆಯಿಲ್ಲ.
ಕೊನೆಯ ಅಕ್ಷರಕ್ಕೆ 'ಅವನ' ಎಂದಷ್ಟೇ ಅರ್ಥ.
ಯಾರವನ? ಕೈಮಡದಲ್ಲಿ ದೀಪ ಇಡುತ್ತೇವೆ,
ಮುಖ ಗೊತ್ತಿಲ್ಲ.

ಎಷ್ಟು ಜನ ನೀವು?
"ಚೀನಾದಲ್ಲಿ ಕೋಟಿ ಮೀರಿ. ತೈವಾನಲ್ಲಿ
ಕಲ್ಲೆಸೆದರೆ ಲಿನ್‌ಗೇ ತಾಗುತ್ತೆ.
ಕೊಡಗಲ್ಲಿ—"
ಒಂದು ಬೆರಳೆತ್ತಿದ. ಹುಡಿ ಮೆತ್ತಿತ್ತು.
"ನೀವು?"
ಪುತ್ತರಿಗೆ ಎಲ್ಲ ಬಂದರೆ ನಲವತ್ತೊಂದು.
ಲೋಕದಲ್ಲೇ ಅಷ್ಟು.

ಸೆಕೆ ಅಂತ ಫ್ಯಾನು ಹಾಕಿದ.
ಬಲಗಡೆಯ ಮರ ಹಾರಿಹೋಯಿತು.
ಈಗೇನು ಓದುತ್ತೀರಿ?
"ಮರ." ಕನ್ನಡಕ ಏರಿಸಿದ.
"ಅದೂ ಒಂದು ಮನೆ ಹೆಸರೇ, ಅಮ್ಮ.
ಅವರು ತೀರ ಕಡಿಮೆ."