ಎಡ ಹೆಬ್ಬೆರಳು

ಇಲ್ಲಿ ದುಡ್ಡಿಗೆ ಚುಕ್ಕಿಯ ಆಚೆ ಮೂರು ಸೊನ್ನೆ.
ಹೊಸದರಲ್ಲಿ ಎರಡೇ ಹಾಕಿ, ಬೈಸಾ ಲೆಕ್ಕ ತಪ್ಪಿ
ಬೈಸಿಕೊಂಡಿದ್ದೆ ಖಲ್ಫಾನರಿಂದ.

ಈಗ ಹನ್ನೊಂದು ವರ್ಷ. ರೂವಿಯಲ್ಲಿ ಎರಡನೇ ಮಹಡಿ,
ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು,
ನಡುವೆ ನಾವು,
ಆದದ್ದಕ್ಕೆಲ್ಲ ನಂಬರು ಕೊಡುವವರು.
ಒಂಟೆ ಅಡ್ಡ ಬಂದದ್ದಕ್ಕೆ ಒಂದು ಕೋಡು, ಒಂಟೆ ಸತ್ತದ್ದಕ್ಕೆ ಬೇರೆ.
ಚಂಡಮಾರುತದ ವರ್ಷ ವಾದಿಯಲ್ಲಿ ತೇಲಿಹೋದ ಕಾರುಗಳ
ಹಳೇ ಫೋಟೊಗಳನ್ನು ಇವತ್ತಿಗೂ
ಯಾವುದು ಮೇಲು ಎಂದು ತಿರುಗಿಸಿ ತಿರುಗಿಸಿ ನೋಡುತ್ತೇನೆ.

ಬೆರಳುಗಳದ್ದೂ ಒಂದು ಪಟ್ಟಿಯಿದೆ.
ಪ್ಲಾಸ್ಟಿಕ್ ಹಾಕಿಸಿ ಮಾನಿಟರಿಗೆ ಒರಗಿಸಿದ್ದೇನೆ.
ಹೆಬ್ಬೆರಳಿಗೆ ಇಷ್ಟು, ತೋರುಬೆರಳಿಗೆ ಅದರಲ್ಲಿ ಅರ್ಧ,
ಉಂಗುರದ್ದಕ್ಕೆ ಇದೆಯೆಂದರೆ ಇದೆ.
ಬಲಗೈಗೆ ಹೆಚ್ಚು. ಎಡಗೈಗೆ ಕಡಿಮೆ.
ಟೈಪು ಮಾಡುತ್ತ ಒಮ್ಮೊಮ್ಮೆ
ನನ್ನ ಹತ್ತರ ಬೆಲೆಯನ್ನೂ ಕೂಡಿಸುತ್ತೇನೆ:
ಸಂಬಳಕ್ಕಿಂತ ಮೇಲೇ ಇದೆ. ಸಮಾಧಾನ.

ಮೊಕ್ಸೆದ್ ಅಲಿ, ಕುಮಿಲ್ಲಾ.
ರುಸೈಲ್‌ನಲ್ಲಿ ಅಲ್ಯೂಮಿನಿಯಂ ಕಿಟಕಿ, ಪ್ರೆಸ್ ಮಶೀನು.
ಎಡ ಹೆಬ್ಬೆರಳು, ಬುಡದಿಂದ.
ಕಡಿಮೆಯ ಕಾಲಂ.

ಮೂರನೇ ವಾರ ಅವನೇ ಬಂದ.
ಕಂಪನಿಯ ಡ್ರೈವರು ಕೆಳಗೆ ಎಂಜಿನ್ ಆರಿಸದೆ ಕಾಯುತ್ತಿದ್ದ.
"ಮೇಡಂ, ನಾನು ಎಡಚ.
ಸುತ್ತಿಗೆ, ಸ್ಕ್ರೂ, ಪೆನ್ನು, ಕೇರಂ, ಎಲ್ಲಾ ಈ ಕೈಯೇ.
ಆ ಕೈ ಬರೀ ಅನ್ನಕ್ಕೆ."

ಪಾಲಿಸಿ ತೆಗೆದೆ. ಇಪ್ಪತ್ತಮೂರನೇ ಪುಟ, ಸಾಸಿವೆ ಅಕ್ಷರ:
ಎಡಚನೆಂದು ಮೊದಲೇ ತಿಳಿಸಿದ್ದರೆ ಕಾಲಂ ಅದಲು ಬದಲು.
"ಮೊದಲೇ ಹೇಳಿದ್ದೆಯಾ?"
"ಯಾರೂ ಕೇಳಲಿಲ್ಲ."

ಕೇಳಬೇಕಾದವಳು ನಾನು.
ಆ ಶೀಟು ತುಂಬಿದ್ದು ನಾನೇ, ಮೂರು ವರ್ಷದ ಹಿಂದೆ,
ನಾನೂರ ಹನ್ನೆರಡು ಹೆಸರು, ರಂಜಾನಿನ ಒಂದು ಗಿಡ್ಡ ಮಧ್ಯಾಹ್ನ.
ದುಡಿಯುವ ಕೈ ಯಾವುದು ಎಂಬ ಕಲಮಿನಲ್ಲಿ
ಮೊದಲ ಮನೆಗೆ "ಬಲ" ಎಂದು ಬರೆದು
ಮೌಸಿನಿಂದ ಹಿಡಿದು
ತಳದವರೆಗೆ ಎಳೆದಿದ್ದೆ.
ಎಷ್ಟು ಸಲೀಸಾಗಿ ಇಳಿಯಿತು.

ಟಿಪ್ಪಣಿ ಬರೆದೆ. ಪಾಲಿಸಿ ಹೊರಡಿಸುವಾಗ ನಮ್ಮಿಂದಾದ ತಪ್ಪು.
"ನಮ್ಮಿಂದ" ಹೊಡೆದು ಹಾಕಿ "ನನ್ನಿಂದ" ಎಂದು ತಿದ್ದಿದೆ.
ಖಲ್ಫಾನ್ ನಾಲ್ಕು ದಿನ ಇಟ್ಟುಕೊಂಡು, ಒಂದು ಮಾತೂ ಆಡದೆ,
ಹೆಚ್ಚಿನ ಕಾಲಂಗೆ ಸಹಿ ಹಾಕಿದರು.
ಆ ವರ್ಷ ನನಗೆ ಇನ್‌ಕ್ರಿಮೆಂಟ್ ಬರಲಿಲ್ಲ.
ಅದಕ್ಕೂ ಇದಕ್ಕೂ ಸಂಬಂಧವಿದೆಯೆಂದು
ಯಾವ ಕಾಗದವೂ ಹೇಳುವುದಿಲ್ಲ.

ಚೆಕ್ಕಿನ ದಿನ ಮತ್ತೆ ಬಂದ.
ಸಹಿ ಹಾಕುವ ಕೈಯೂ ಅದೇ ಆಗಿತ್ತಲ್ಲ,
ಹಾಗಾಗಿ ಗುರುತೇ ಗತಿ.
ರಸೀದಿಯ ತಳದಲ್ಲಿ ಒಂದು ಚೌಕ:
ಎಡ ಹೆಬ್ಬೆರಳು.

ಇಬ್ಬರೂ ಅದನ್ನೇ ನೋಡಿದೆವು.
ಅವನೇ ಮೊದಲು ನಕ್ಕ.

ಬಲದ್ದನ್ನು ಹಿಡಿದು ಪ್ಯಾಡಿಗೆ ಒತ್ತಿದೆ.
ಪಕ್ಕದಲ್ಲಿ ಕಾರಣ ಬರೆದೆ: ಲಭ್ಯವಿಲ್ಲ.
"ಇದು ಹೋಗುತ್ತಾ? ಊಟಕ್ಕೆ ಹೋಗಬೇಕು," ಎಂದ,
ನೀಲಿ ಬೆರಳನ್ನು ಬೇರೆ ಬೆರಳಿಗೆ ತಾಗಿಸದೆ ಎತ್ತಿ ಹಿಡಿದು.

ಸುಲೇಮಾನಿ ಲೋಟದಿಂದ ನಿಂಬೆಹೋಳು ತೆಗೆದುಕೊಟ್ಟೆ.
ಚಿವುಟಿ ಹಿಡಿಯಲು ಎಡಗೈಗೆ ಆಗದು;
ಮೇಜಿನ ಮೇಲಿಟ್ಟು, ಉಳಿದ ನಾಲ್ಕರಿಂದ ಅದುಮಿ,
ಬಲದ ಬೆರಳನ್ನು ಅದರ ಮೇಲೆ ಹಿಂದೆ ಮುಂದೆ ಆಡಿಸಿದ,
ಚಾಕು ಮಸೆಯುವವನ ಹಾಗೆ, ಅವಸರವಿಲ್ಲದೆ.
ನೀಲಿ ತೆಳುವಾಯಿತು, ಪೂರ್ತಿ ಹೋಗಲಿಲ್ಲ.
ಮೂಸಿ ನೋಡಿ, ಪರವಾಗಿಲ್ಲ ಎಂದ.

ರಸೀದಿಯ ಮೂಲೆಗೆ ಒಂದು ಹನಿ ಹಾರಿದೆ.
ಸ್ಕ್ಯಾನಿನಲ್ಲಿ ಕಾಣುವುದಿಲ್ಲ.